ಅವ್ವನ ಓದಿನ ವರ್ಷ: ಹಗರಿಬೊಮ್ಮನಹಳ್ಳಿಯಲ್ಲಿ ಕೂತು ಪುಸ್ತಕ ತರಿಸಿಕೊಳ್ಳುವ ದಾರಿಗಳು

ಹೊಸ ವರ್ಷದ ಡೈರಿ ಕೈಗೆ ಬಂದಾಗ ಕೆಲವು ತಾಯಂದಿರು ಮೊದಲ ಪುಟದಲ್ಲೇ ಬರೆದಿಡುತ್ತಾರೆ: ಈ ವರ್ಷ ಇಪ್ಪತ್ತು ಪುಸ್ತಕ ಓದಬೇಕು, ಅರ್ಧಕ್ಕೆ ಬಿಟ್ಟ ಕೌದಿ ಮುಗಿಸಬೇಕು, ಅಂಕಸಮುದ್ರದ ಹಕ್ಕಿ ನೋಡಿ ಬರಬೇಕು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಡೈರಿ ಹಾಲಿನ ಲೆಕ್ಕಕ್ಕೆ ಹೋಗುತ್ತದೆ. ಓದುವ ಆಸೆ ಕಡಿಮೆ ಇರುವುದಿಲ್ಲ. ಬೇಕಾದ ಪುಸ್ತಕ ಬೇಕಾದಾಗ ಮನೆಗೆ ಬರುವುದಿಲ್ಲ, ಅಷ್ಟೆ. ಬೆಂಗಳೂರಿನವರಿಗೆ ಸಂಜೆ ಅಂಗಡಿಗೆ ಹೋದರಾಯಿತು. ಹ.ಬೊ.ಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯವರು ಅದಕ್ಕೊಂದು ವ್ಯವಸ್ಥೆ ಮಾಡಿಕೊಳ್ಳಬೇಕು. ಆ ವ್ಯವಸ್ಥೆ ಹೇಗೆ, ಎಷ್ಟು ಖರ್ಚು ಎಂದು ಒಂದೊಂದಾಗಿ ನೋಡೋಣ.

ಮೊದಲು ಗ್ರಂಥಾಲಯ. ಇದು ಪುಕ್ಕಟೆಯಲ್ಲ, ಇದಕ್ಕೆ ನೀವು ಆಗಲೇ ದುಡ್ಡು ಕೊಟ್ಟಿದ್ದೀರಿ. ಮನೆಯ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ. ಅದರಲ್ಲಿ ‘ಗ್ರಂಥಾಲಯ ಕರ’ ಎಂಬ ಸಾಲು ಇರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು ಇದು. ತೆರಿಗೆಯ ಪ್ರತಿ ನೂರು ರೂಪಾಯಿಗೆ ಆರು ರೂಪಾಯಿ ಇದಕ್ಕೆ ಹೋಗುತ್ತದೆ. ಕೊಟ್ಟ ಮೇಲೆ ಬಳಸದೆ ಬಿಡುವುದೇಕೆ?

ಪಟ್ಟಣದಲ್ಲಿದ್ದರೆ ಶಾಖಾ ಗ್ರಂಥಾಲಯಕ್ಕೆ ಹೋಗಿ. ಆಧಾರ್ ಕಾರ್ಡಿನ ಜೆರಾಕ್ಸ್, ಒಂದು ಫೋಟೊ ಇಟ್ಟುಕೊಂಡಿರಿ. ಸದಸ್ಯತ್ವದ ಅರ್ಜಿ ತುಂಬಿ ಸಣ್ಣ ಮೊತ್ತದ ಠೇವಣಿ ಕಟ್ಟಬೇಕು. ಸದಸ್ಯತ್ವ ಬಿಟ್ಟಾಗ ಠೇವಣಿ ವಾಪಸು ಬರುತ್ತದೆ, ಹಾಗಾಗಿ ರಸೀದಿ ಕಳೆಯಬೇಡಿ. ಪುಸ್ತಕವನ್ನು ಸಾಮಾನ್ಯವಾಗಿ ಹದಿನೈದು ದಿನ ಇಟ್ಟುಕೊಳ್ಳಬಹುದು. ಸೋಮವಾರ ವಾರದ ರಜೆ. ಅಂದು ಹೋಗಿ ಬೀಗ ನೋಡಿ ಬರಬೇಡಿ.

ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯವಿದೆ. 2019ರಲ್ಲಿ ಇವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂದಿರುತ್ತದೆ. 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಇಲ್ಲಿ ಉಚಿತ ಸದಸ್ಯತ್ವ ಕೊಟ್ಟರು. ಮಗಳ ಹೆಸರು ಬರೆಸಲು ಹೋದವರು ತಮ್ಮ ಹೆಸರನ್ನೂ ಬರೆಸಿ ಬರಬೇಕು. ಅಲ್ಲೆಲ್ಲ ಗಂಡಸರು ಪೇಪರ್ ಓದುತ್ತ ಕೂತಿರುತ್ತಾರೆ, ಹೇಗೆ ಹೋಗುವುದು ಎಂಬ ಸಂಕೋಚ ಇದ್ದೇ ಇರುತ್ತದೆ. ಇಬ್ಬರು ಮೂವರು ಜೊತೆಯಾಗಿ ಹೋಗಿ. ಕೂತು ಓದುವ ಅಗತ್ಯವೂ ಇಲ್ಲ. ಪುಸ್ತಕ ಬರೆಸಿಕೊಂಡು ಮನೆಗೆ ತರಬಹುದು. ಬೇಕಾದ ಪುಸ್ತಕ ಕಪಾಟಿನಲ್ಲಿ ಇಲ್ಲದಿದ್ದರೆ ಮೇಲ್ವಿಚಾರಕರಿಗೆ ಹೆಸರು ಬರೆದು ಕೊಡಿ. ಬರೆದು ಕೇಳಿದ್ದು ದಾಖಲೆಯಲ್ಲಿ ಉಳಿಯುತ್ತದೆ.

ಇನ್ನು ಮೊಬೈಲು. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರ ಫೆಬ್ರುವರಿಯಲ್ಲಿ ಡಿಜಿಟಲ್ ಗ್ರಂಥಾಲಯ ಆರಂಭಿಸಿತು. ಡಿಜಿಟಲ್ ಗ್ರಂಥಾಲಯ ಎಂದರೆ ಫೋನಿನ ಪರದೆಯ ಮೇಲೆ ತೆರೆಯುವ ಪುಸ್ತಕಗಳ ಕಪಾಟು. ಆ್ಯಪ್‌ನ ಹೆಸರು ‘ಇ-ಸಾರ್ವಜನಿಕ ಗ್ರಂಥಾಲಯ’. ನಿಮ್ಮ ಫೋನ್ ನಂಬರ್ ಕೊಟ್ಟು ನೋಂದಾಯಿಸಿದರೆ ಓದಬಹುದು, ಶುಲ್ಕವಿಲ್ಲ. ಸರ್ಕಾರದ್ದೇ ಆದ ‘ಕಣಜ’ ಜಾಲತಾಣದಲ್ಲೂ ಪುಸ್ತಕಗಳು, ಲೇಖನಗಳು ಉಚಿತವಾಗಿ ಸಿಗುತ್ತವೆ.

ವಾಟ್ಸ್ಆ್ಯಪಿನಲ್ಲಿ ಕಾದಂಬರಿಗಳ ಪಿಡಿಎಫ್ ಬರುತ್ತವಲ್ಲ, ಅವನ್ನು ಓದಬಹುದೇ ಎಂದು ಬಹಳ ಜನ ಕೇಳುತ್ತಾರೆ. ಪಿಡಿಎಫ್ ಎಂದರೆ ಪುಟಗಳ ಚಿತ್ರವನ್ನು ಹೊತ್ತ ಕಡತ. ಇದಕ್ಕೆ ಉತ್ತರ ಲೇಖಕರು ತೀರಿಕೊಂಡ ವರ್ಷದಲ್ಲಿದೆ. ನಮ್ಮ ದೇಶದಲ್ಲಿ ಕಾಪಿರೈಟ್, ಅಂದರೆ ಕೃತಿಯ ಮೇಲಿನ ಹಕ್ಕು, ಲೇಖಕರ ಜೀವಮಾನ ಮತ್ತು ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಇರುತ್ತದೆ. ಆಮೇಲೆ ಕೃತಿ ಎಲ್ಲರದ್ದು. ತ್ರಿವೇಣಿ ತೀರಿಕೊಂಡಿದ್ದು 1963ರಲ್ಲಿ. ಲೆಕ್ಕ ಹಾಕಿದರೆ ಹಕ್ಕು 2023ರ ಕೊನೆಗೆ ಮುಗಿಯಿತು. ಅವರು ಬದುಕಿದ್ದಾಗ ಅಚ್ಚಾದ ಕಾದಂಬರಿಗಳನ್ನು 2024ರ ಜನವರಿಯಿಂದ ಯಾರು ಬೇಕಾದರೂ ಹಂಚಬಹುದು, ಓದಬಹುದು. 1962ರಲ್ಲಿ ತೀರಿಕೊಂಡ ದೇವುಡು ನರಸಿಂಹಶಾಸ್ತ್ರಿಗಳ ಕೃತಿಗಳಿಗೂ ಇದೇ ಲೆಕ್ಕ, ಒಂದು ವರ್ಷ ಮೊದಲು. ಗಳಗನಾಥರಂತೂ 1942ಕ್ಕೇ ಹೋದವರು. ಇಂಥ ಹಳೆಯ ಪುಸ್ತಕಗಳು ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಬೇಕಾದಷ್ಟಿವೆ. ಲೇಖಕರ ಹೆಸರನ್ನು ಕನ್ನಡದಲ್ಲಿ ಬರೆದು ಹುಡುಕಿ. ಸಿಗದಿದ್ದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದು ನೋಡಿ.

ನಮ್ಮ ಕೊಟ್ಟೂರಿನ ಕುಂ. ವೀರಭದ್ರಪ್ಪನವರದೋ ಈಗ ಬರೆಯುತ್ತಿರುವ ಇನ್ನೊಬ್ಬರದೋ ಪುಸ್ತಕ ಪಿಡಿಎಫ್ ಆಗಿ ಬಂದರೆ ಅದು ಕದ್ದ ಮಾಲು. ಅದನ್ನು ಮುಂದಕ್ಕೆ ಕಳಿಸಬೇಡಿ. ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿ ತೀರಿಕೊಂಡಿದ್ದು 1980ರಲ್ಲಿ. ಅವರ ಹಕ್ಕು 2040ರ ಕೊನೆಯವರೆಗೆ ಇದೆ. ‘ತಿಂಮನ ತಲೆ’ ಬೇಕಿದ್ದರೆ ಕೊಂಡೇ ಓದಿ, ಇಲ್ಲವೇ ಗ್ರಂಥಾಲಯದಿಂದ ತನ್ನಿ.

ಕೊಳ್ಳುವ ಮಾತು ಬಂತು. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಮುಖಪುಟದ ಹಿಂದೆ ಇರುವ ಬೆಲೆಗಿಂತ ಹೆಚ್ಚು ಕೇಳಿದರೆ ಅದು ಕಳಿಸುವ ಖರ್ಚು ಎಂದು ತಿಳಿಯಿರಿ, ಎಷ್ಟೆಂದು ಮೊದಲೇ ಕೇಳಿ. ಬೆಂಗಳೂರಿನ ಕನ್ನಡ ಭವನದಲ್ಲಿರುವ ಕನ್ನಡ ಪುಸ್ತಕ ಪ್ರಾಧಿಕಾರ ತನ್ನ ಪ್ರಕಟಣೆಗಳನ್ನು ಕಡಿಮೆ ಬೆಲೆಗೆ ಮಾರುತ್ತದೆ. ರಾಜ್ಯೋತ್ಸವದ ತಿಂಗಳಲ್ಲಿ ರಿಯಾಯಿತಿ ಇನ್ನೂ ಹೆಚ್ಚು. ವರ್ಷದ ದೊಡ್ಡ ಖರೀದಿಯನ್ನು ನವೆಂಬರಿಗೆ ಇಟ್ಟುಕೊಳ್ಳುವುದು ಜಾಣತನ.

ಅಂಚೆಯ ವಿಷಯ ಸ್ವಲ್ಪ ಬದಲಾಗಿದೆ. ಮೊದಲು ಬುಕ್ ಪೋಸ್ಟ್ ಎಂದು ಅಗ್ಗದ ದರದಲ್ಲಿ ಪುಸ್ತಕ ಕಳಿಸುತ್ತಿದ್ದೆವು. 2024ರ ಡಿಸೆಂಬರಿನಲ್ಲಿ ಅದನ್ನು ನಿಲ್ಲಿಸಿದರು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂದಿದೆ. ಆರಂಭದ ದರ 300 ಗ್ರಾಂವರೆಗೆ 20 ರೂಪಾಯಿ, 5 ಕೆ.ಜಿ.ಗೆ 100 ರೂಪಾಯಿ, ಮೇಲೆ ತೆರಿಗೆ. ಭೂಮಾರ್ಗದಲ್ಲಿ ಹೋಗುತ್ತದೆ, ಹಾಗಾಗಿ ನಿಧಾನ. ಆದರೆ ನಂಬರ್ ಇರುತ್ತದೆ, ಪೊಟ್ಟಣ ಎಲ್ಲಿದೆ ಎಂದು ಫೋನಿನಲ್ಲೇ ನೋಡಬಹುದು. ಕಳಿಸುವುದು ಪುಸ್ತಕ ಮಾತ್ರ ಆಗಿರಬೇಕು. ಜೊತೆಗೆ ಒಂದು ಸೀರೆ, ಎರಡು ಶೇಂಗಾ ಹೋಳಿಗೆ ಸೇರಿಸಿದರೆ ಈ ದರ ಸಿಗುವುದಿಲ್ಲ. ಕೌಂಟರಿನಲ್ಲಿ ‘ಜ್ಞಾನ ಪೋಸ್ಟ್’ ಎಂದು ಹೆಸರು ಹಿಡಿದೇ ಕೇಳಿ. ಕೇಳದಿದ್ದರೆ ಸ್ಪೀಡ್ ಪೋಸ್ಟಿನ ದರ ಬೀಳಬಹುದು. ಧಾರವಾಡದಲ್ಲಿರುವ ಅಕ್ಕನೂ ಇಲ್ಲಿರುವ ತಂಗಿಯೂ ಎರಡು ತಿಂಗಳಿಗೊಮ್ಮೆ ನಾಲ್ಕು ಪುಸ್ತಕ ಅದಲು ಬದಲು ಮಾಡಿಕೊಳ್ಳಲು ಇದಕ್ಕಿಂತ ಅಗ್ಗದ ದಾರಿ ಅಂಚೆಯಲ್ಲಿ ಇಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ ದಾರಿ ಪುಸ್ತಕದ ಚೀಟಿ. ಚೀಟಿ ಹಾಕುವುದು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹತ್ತು ಜನ ಸೇರಿ. ತಿಂಗಳಿಗೆ ತಲಾ 100 ರೂಪಾಯಿ ಹಾಕಿ. ಸಾವಿರ ಕೂಡುತ್ತದೆ. ಹೆಸರು ಬರೆದು ಒಂದು ಚೀಟಿ ಎತ್ತಿ. ಯಾರ ಹೆಸರು ಬಂತೋ ಅವರಿಗೆ ಇಷ್ಟವಾದ ಪುಸ್ತಕಗಳನ್ನು ಆ ಸಾವಿರಕ್ಕೆ ತರಿಸಬೇಕು. ಸವಾಲು ಕೂಗುವುದು ಬೇಡ, ದುಡ್ಡನ್ನು ಯಾರ ಕೈಗೂ ಕೊಡುವುದು ಬೇಡ. ಪುಸ್ತಕ ಇನ್ನೂರು, ಇನ್ನೂರೈವತ್ತು ರೂಪಾಯಿ ಎಂದರೆ ತಿಂಗಳಿಗೆ ನಾಲ್ಕೈದು ಬರುತ್ತವೆ. ಬಂದ ಪುಸ್ತಕ ಹತ್ತೂ ಮನೆ ಸುತ್ತಬೇಕು, ಮನೆಗೆ ಹದಿನೈದು ದಿನ. ಸುತ್ತು ಮುಗಿದ ಮೇಲೆ ಚೀಟಿ ಎತ್ತಿದವರ ಕಪಾಟಿಗೆ.

ಹತ್ತು ತಿಂಗಳಲ್ಲಿ ನಲವತ್ತಕ್ಕೂ ಮೇಲೆ ಪುಸ್ತಕ ಕೂಡುತ್ತವೆ. ಅಷ್ಟನ್ನೂ ಒಬ್ಬರು ಆ ಹತ್ತು ತಿಂಗಳಲ್ಲಿ ಓದಲಾರರು. ಇಪ್ಪತ್ತು ಓದಿದರೂ ಹಾಕಿದ್ದು ಸಾವಿರ, ಪುಸ್ತಕಕ್ಕೆ 50 ರೂಪಾಯಿ ಬಿತ್ತು. ಮೇಲೆ ನಾಲ್ಕೈದು ಪುಸ್ತಕ ಸ್ವಂತಕ್ಕೆ ಉಳಿದವು. ಒಂದು ನೋಟ್‌ಬುಕ್ ಇಡಿ, ಯಾವ ಪುಸ್ತಕ ಯಾರ ಮನೆಯಲ್ಲಿದೆ ಎಂದು ಬರೆಯಿರಿ. ಕಳೆದರೆ ಅದೇ ಪುಸ್ತಕ ತಂದಿಡಬೇಕು ಎಂದು ಮೊದಲ ದಿನವೇ ಮಾತಾಗಲಿ. ಮಕ್ಕಳು ಗೀಚಿದರೆ ಬೈಯುವಂತಿಲ್ಲ ಎಂದೂ ಮಾತಾಗಲಿ. ಸ್ತ್ರೀಶಕ್ತಿ ಸಂಘ ಇರುವ ಕಡೆ ಇದು ಇನ್ನೂ ಸಲೀಸು, ಸಭೆ ಸೇರುವ ದಿನವೇ ಪುಸ್ತಕ ಕೈ ಬದಲಾಗುತ್ತದೆ. ಮನೆಯಲ್ಲಿ ನೂರು ರೂಪಾಯಿಗೂ ಲೆಕ್ಕ ಕೇಳುತ್ತಾರೆ ಎನ್ನುವವರು ಬೆಳಗಾವಿ ಜಿಲ್ಲೆಯ ರಾಯಬಾಗ ತಾಲೂಕಿನ ಮಂಟೂರಿನ ಸುದ್ದಿಯನ್ನು ಮನೆಯವರಿಗೆ ಹೇಳಿ. ಅಲ್ಲಿ ಒಬ್ಬ ತಾಯಿ ತನಗೆ ಬಂದ ಗೃಹಲಕ್ಷ್ಮಿ ಹಣ ಕೂಡಿಟ್ಟು ಊರಿಗೆ ಗ್ರಂಥಾಲಯವನ್ನೇ ಮಾಡಿದರು.

ಯಾವ ಪುಸ್ತಕದಿಂದ ಶುರು ಮಾಡುವುದು ಎಂದು ಕೇಳಿದರೆ ನಾನು ಹತ್ತಿರದವರಿಂದ ಎನ್ನುತ್ತೇನೆ. ಕುಂ. ವೀರಭದ್ರಪ್ಪನವರ ‘ಅರಮನೆ’ಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದು ದೊಡ್ಡ ಪುಸ್ತಕ, ಉಸಿರು ಬಿಗಿಹಿಡಿದು ಓದಬೇಕು. ಅವರ ಆತ್ಮಕಥೆ ‘ಗಾಂಧಿ ಕ್ಲಾಸು’ ಮೊದಲು ಓದಿದರೆ ಭಾಷೆಗೆ ಕಿವಿ ಹೊಂದುತ್ತದೆ. ಗಟ್ಟಿಯಾಗಿ ಓದಿಕೊಂಡರೆ ಇನ್ನೂ ಚೆಂದ, ನಮ್ಮ ಓಣಿಯ ಮಾತೇ ಕೇಳುತ್ತದೆ. ಬೀಚಿಯವರನ್ನು ಸುಸ್ತಾದ ದಿನಕ್ಕೆ ಇಟ್ಟುಕೊಳ್ಳಿ. ಬಾನು ಮುಷ್ತಾಕ್ ಅವರ ಕಥೆಗಳ ಅನುವಾದ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಗೆದ್ದಿತು, ಇಂಗ್ಲಿಷಿಗೆ ತಂದವರು ದೀಪಾ ಭಾಸ್ತಿ. ಮೂಲ ನಮ್ಮ ಭಾಷೆಯಲ್ಲೇ ಇದೆ. ಒಂದೊಂದು ಕಥೆ ಕುಕ್ಕರ್ ಇಟ್ಟು ಬಂದು ಓದುವಷ್ಟು ಉದ್ದ ಎಂದು ತಿಳಿದರೆ ಅನ್ನ ಸೀದುಹೋಗುತ್ತದೆ. ಅದಕ್ಕೆ ಮಧ್ಯಾಹ್ನದ ಬಿಡುವೇ ಸರಿ.

ಎಲ್ಲ ತಿಂಗಳೂ ಒಂದೇ ಥರ ಓದಲು ಆಗುವುದಿಲ್ಲ. ಹೊಲ ಇರುವ ಮನೆಯಲ್ಲಿ ಜೂನ್, ಜುಲೈ ಬಿತ್ತನೆಗೆ ಹೋಗುತ್ತವೆ, ಮೆಕ್ಕೆಜೋಳ ಬಂದಾಗ ದೀಪಾವಳಿಯ ಸುತ್ತಮುತ್ತ ಕೈ ಬಿಡುವಿರುವುದಿಲ್ಲ. ಆ ತಿಂಗಳುಗಳಿಗೆ ‘ಮಯೂರ’, ‘ತುಷಾರ’ದಂಥ ಮಾಸಪತ್ರಿಕೆ ಸಾಕು. ಪೇಪರ್ ಹಾಕುವ ಏಜೆಂಟರಿಗೆ ಹೇಳಿದರೆ ಪೇಪರಿನ ಜೊತೆಯೇ ತಂದುಕೊಡುತ್ತಾರೆ. ದಪ್ಪ ಕಾದಂಬರಿಗಳನ್ನು ಕೊಟ್ಟೂರೇಶ್ವರನ ತೇರು ಮುಗಿದ ಮೇಲಿನ ಬಿಸಿಲುಗಾಲಕ್ಕೆ ಇಟ್ಟುಕೊಳ್ಳಿ.

ಕೈಗೆ ಕೆಲಸ ಇದ್ದಾಗ ಕಿವಿಗೆ ಓದಿಸಬಹುದು. ಆಡಿಯೊ ಬುಕ್ ಎಂದರೆ ಒಬ್ಬರು ಓದಿ ದನಿ ಮುದ್ರಿಸಿದ ಪುಸ್ತಕ. ‘ಮೈಲ್ಯಾಂಗ್’ ಎಂಬ ಆ್ಯಪಿನಲ್ಲಿ ಕನ್ನಡದ ಆಡಿಯೊ ಬುಕ್‌ಗಳನ್ನು ಕೊಂಡು ಕೇಳಬಹುದು. ಆಕಾಶವಾಣಿ ಹೊಸಪೇಟೆ ಕೇಂದ್ರ ಕೇಳಲು ದುಡ್ಡೂ ಬೇಡ. ಕೌದಿ ಹೊಲಿಯುವವರಿಗೆ ಇದು ಹೇಳಿ ಮಾಡಿಸಿದ ಜೋಡಿ. ಹಳೆ ಸೀರೆ, ಲುಂಗಿ ತುಂಡು ಪದರ ಹಾಕಿ ಓಡುಹೊಲಿಗೆ ಹಾಕುವಾಗ ಕಣ್ಣು, ಕೈ ಎರಡೂ ಬೇಕು, ಕಿವಿ ಖಾಲಿ ಇರುತ್ತದೆ. ಹೊಲಿಗೆಯಲ್ಲೇ ಮುಂದೆ ಹೋಗಬೇಕು ಎನ್ನುವವರು ಸಂಡೂರಿನ ಕುಶಲ ಕಲಾ ಕೇಂದ್ರದ ಲಂಬಾಣಿ ಕಸೂತಿ ನೋಡಿ ಬರಬೇಕು. ಅದಕ್ಕೆ ಜಿಐ ಟ್ಯಾಗ್, ಅಂದರೆ ಇಂಥ ಊರಿನದೇ ಕಲೆ ಎಂಬ ಕಾನೂನಿನ ಗುರುತು, ಸಿಕ್ಕಿದೆ.

ಹೊರಗೆ ಹೋಗುವ ಖರ್ಚು ಈಗ ಕಡಿಮೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಿಗೆ ಹೆಂಗಸರಿಗೆ ಟಿಕೆಟ್ ಹಣವಿಲ್ಲ. ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆಯಬೇಕು. ಎ.ಸಿ., ಸ್ಲೀಪರ್ ಬಸ್ಸಿಗೆ ಇದು ಅನ್ವಯಿಸುವುದಿಲ್ಲ. ಹ.ಬೊ.ಹಳ್ಳಿಯಿಂದ ಹೊಸಪೇಟೆ, ಅಲ್ಲಿಂದ ಕಮಲಾಪುರದ ಕಡೆ ಹೋದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸಿಗುತ್ತದೆ. 1991ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯದ ಪ್ರಕಟಣೆಯ ವಿಭಾಗಕ್ಕೆ ಪ್ರಸಾರಾಂಗ ಎನ್ನುತ್ತಾರೆ. ಜನಪದ ಕಾವ್ಯ, ಊರುಗಳ ಚರಿತ್ರೆ, ನಿಘಂಟು ಬೇಕಾದವರು ಇಲ್ಲಿ ನೋಡಬೇಕು. ಕೆಲಸದ ದಿನ ಹೋಗಿ, ರಿಯಾಯಿತಿ ಮಾರಾಟ ಯಾವಾಗ ಎಂದು ಮೊದಲೇ ಫೋನ್ ಮಾಡಿ ಕೇಳಿ. ಚೀಲ ಗಟ್ಟಿಯದಿರಲಿ.

ಅಂಕಸಮುದ್ರ ಇನ್ನೂ ಹತ್ತಿರ, ನಮ್ಮ ತಾಲೂಕಿನದೇ ಕೆರೆ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲೆಗಳ ಪಟ್ಟಿಗೆ, ಸೇರಿತು. ಕೆರೆಯಂಗಳದ ಜಾಲಿ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುತ್ತವೆ. ಚಳಿಗಾಲದ ಬೆಳಿಗ್ಗೆ ಒಳ್ಳೆಯ ಹೊತ್ತು. ಹೋಗುವ ಮೊದಲು ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’ ತಂದು ಮಕ್ಕಳ ಜೊತೆ ತಿರುವಿ ಹಾಕಿ. ಹೆಸರು ಗೊತ್ತಿದ್ದರೆ ಅದೇ ಕೊಕ್ಕರೆ ಬೇರೆಯಾಗಿ ಕಾಣುತ್ತದೆ.

ಕೊನೆಯದು ಪರೀಕ್ಷೆ. ಹೆದರಬೇಡಿ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಪ್ರವೇಶ, ಕಾವ, ಜಾಣ, ರತ್ನ ಎಂಬ ನಾಲ್ಕು ಪರೀಕ್ಷೆಗಳನ್ನು ನಡೆಸುತ್ತದೆ. ಓದಿದ್ದು ಮರೆತೇ ಹೋಗುತ್ತದೆ ಎನ್ನುವವರಿಗೆ, ಮದುವೆಯಾಗಿ ಓದು ನಿಂತಿತು ಎಂದು ಕೊರಗುವವರಿಗೆ ಇದು ಸರಿಯಾದ ಹಾದಿ. ಮೇಲಿನ ಹಂತಗಳಲ್ಲಿ ಹಳಗನ್ನಡ, ವ್ಯಾಕರಣ ಬರುತ್ತವೆ, ಒಬ್ಬರೇ ಕೂತು ಅರ್ಥ ಮಾಡಿಕೊಳ್ಳುವುದು ಕಷ್ಟ. ಊರಿನ ನಿವೃತ್ತ ಕನ್ನಡ ಮೇಷ್ಟ್ರನ್ನೋ ಟೀಚರನ್ನೋ ಭಾನುವಾರ ಒಂದು ತಾಸು ಕೇಳಿಕೊಳ್ಳಿ, ಇಲ್ಲ ಎನ್ನುವ ಮೇಷ್ಟ್ರು ಕಡಿಮೆ. ಯಾವ ಹಂತದಿಂದ ಶುರು ಮಾಡಬಹುದು, ಶುಲ್ಕ ಎಷ್ಟು, ಪಠ್ಯ ಯಾವುದು ಎಂಬುದು ಪರಿಷತ್ತಿನ ಆ ವರ್ಷದ ಪ್ರಕಟಣೆಯಲ್ಲಿ ಇರುತ್ತದೆ. ಅದನ್ನು ಪರಿಷತ್ತಿನ ತಾಲೂಕು ಘಟಕದ ಅಧ್ಯಕ್ಷರ ಬಳಿ ಕೇಳಿ. ಅರ್ಜಿಯ ಕೊನೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಚೀಟಿಯ ಹತ್ತು ಜನರಲ್ಲಿ ಇನ್ನೊಬ್ಬರನ್ನು ಜೊತೆಗೆ ಎಳೆದುಕೊಂಡರೆ ಪರೀಕ್ಷಾ ಕೇಂದ್ರದವರೆಗೆ ಬಸ್ಸಿನಲ್ಲಿ ಮಾತಾಡಲೂ ಆಯಿತು, ಒಬ್ಬರನ್ನೊಬ್ಬರು ಪ್ರಶ್ನೆ ಕೇಳಿಕೊಳ್ಳಲೂ ಆಯಿತು.