ನಗೆ ಅನಿಲ: ಆಸ್ಪತ್ರೆಯಿಂದ ಎಂಜಿನ್ನಿಗೆ



ಕೆಲವು ತಿಂಗಳ ಹಿಂದೆ ಫ್ರೀಮಾಂಟಿನ ಸ್ನೇಹಿತರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಕಾಲೇಜಿನಲ್ಲಿ ಓದುತ್ತಿರುವ ಅವರ ಮಗ ನನ್ನನ್ನು ಗರಾಜಿಗೆ ಕರೆದೊಯ್ದು, ತನ್ನ ಕಾರಿಗೆ ಅಳವಡಿಸಲೆಂದು ತಂದಿದ್ದ ನೀಲಿ ಸಿಲಿಂಡರೊಂದನ್ನು ತೋರಿಸಿದ. “ಅಂಕಲ್, ಇದು ನಿಮ್ಮ ಆಸ್ಪತ್ರೆಯ ಗ್ಯಾಸೇ ಅಲ್ಲವೆ?” ಎಂದು ಕೇಳಿದ. ಅವನ ಪ್ರಶ್ನೆ ಸರಿಯಾಗಿತ್ತು; ಅದು ನೈಟ್ರಸ್ ಆಕ್ಸೈಡ್. ನಾನು ಮೈಸೂರು ಮೆಡಿಕಲ್ ಕಾಲೇಜಿನಲ್ಲಿದ್ದಾಗ ಕೆ.ಆರ್. ಆಸ್ಪತ್ರೆಯಲ್ಲಿ ರೋಗಿಗಳನ್ನು ಮಲಗಿಸುತ್ತಿದ್ದ ಅನಿಲ ಇಲ್ಲಿ ಎಂಜಿನ್ನನ್ನು ಎಬ್ಬಿಸುತ್ತದೆ! ಬಾಗಿಲಲ್ಲಿ ನಿಂತಿದ್ದ ತಂದೆಯ ಮುಖದಲ್ಲಿ ಮಾತ್ರ ಆತಂಕವಿತ್ತು. ಅಂದು ಆ ಹುಡುಗನಿಗೆ ಹೇಳಿದ್ದನ್ನೇ ಇಂದು ನಿಮ್ಮ ಮುಂದೆ ವಿಸ್ತರಿಸುತ್ತೇನೆ.

ಜೋಸೆಫ್ ಪ್ರೀಸ್ಟ್ಲಿ 1772ರಲ್ಲಿ ಈ ಅನಿಲವನ್ನು ಕಂಡುಹಿಡಿದನು. 1844ರಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ನೋವಿಲ್ಲದೆ ಹಲ್ಲು ಕೀಳಲು ಇದನ್ನು ಬಳಸಿದನು. ಎರಡನೆಯ ಮಹಾಯುದ್ಧದಲ್ಲಿ, ಗಾಳಿ ತೆಳುವಾಗುವ ಎತ್ತರದಲ್ಲಿ ಎಂಜಿನ್ನಿನ ಬಲ ಕುಂದದಿರಲೆಂದು ಜರ್ಮನ್ ವಿಮಾನಗಳಲ್ಲಿ ಇದರ ಬಳಕೆಯಾಯಿತು.

ಈ ಅನಿಲ ತಾನೇ ಉರಿಯುವ ಇಂಧನವಲ್ಲ. ನಮ್ಮ ಅಜ್ಜಿಯರ ಸೌದೆ ಒಲೆಯನ್ನು ನೆನೆಯಿರಿ. ಊದುಗೊಳವೆಯಿಂದ ಊದಿದರೆ ಜ್ವಾಲೆ ಏಳುತ್ತಿತ್ತು. ಊದಿದ್ದು ಗಾಳಿ, ಉರಿದದ್ದು ಸೌದೆ. ತೂಕದ ಲೆಕ್ಕದಲ್ಲಿ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇಕಡಾ 23ರಷ್ಟಿದ್ದರೆ, ನೈಟ್ರಸ್ ಆಕ್ಸೈಡಿನಲ್ಲಿ ಶೇಕಡಾ 36ರಷ್ಟಿದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅಣು ಒಡೆದು ಆ ಆಮ್ಲಜನಕ ಬಿಡುಗಡೆಯಾಗುತ್ತದೆ. ಹೆಚ್ಚು ಪೆಟ್ರೋಲು ಉರಿಯಲು ಸಾಧ್ಯವಾಗುತ್ತದೆ. ಇದಲ್ಲದೆ, ದ್ರವರೂಪದಲ್ಲಿ ಹೊರಬಂದು ಆವಿಯಾಗುವಾಗ ಒಳಬರುವ ಗಾಳಿಯನ್ನು ಅದು ತಂಪಾಗಿಸಿ ಸಾಂದ್ರಗೊಳಿಸುತ್ತದೆ.

ವ್ಯವಸ್ಥೆಯ ವಿನ್ಯಾಸದಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ‘ಡ್ರೈ’ ಬಗೆಯಲ್ಲಿ ಅನಿಲವನ್ನು ಮಾತ್ರ ಸಿಂಪಡಿಸಿ, ಹೆಚ್ಚುವರಿ ಪೆಟ್ರೋಲನ್ನು ಎಂಜಿನ್ನಿನ ಇಂಜೆಕ್ಟರುಗಳಿಂದಲೇ ಪಡೆಯುತ್ತಾರೆ. ‘ವೆಟ್’ ಬಗೆಯಲ್ಲಿ ಎರಡೂ ಒಂದೇ ನಾಝಲ್‌ನಲ್ಲಿ ಬೆರೆತು ಹೋಗುತ್ತವೆ. ‘ಡೈರೆಕ್ಟ್ ಪೋರ್ಟ್’ ಬಗೆಯಲ್ಲಿ ಪ್ರತಿ ಸಿಲಿಂಡರಿಗೂ ಪ್ರತ್ಯೇಕ ನಾಝಲ್ ಇರುವುದರಿಂದ ಹಂಚಿಕೆ ಸಮವಾಗಿರುತ್ತದೆ. ವೆಚ್ಚ ಮಾತ್ರ ಹೆಚ್ಚು.

ನಿಜವಾದ ವಿವೇಕ ಬೇಕಾಗುವುದು ಟ್ಯೂನಿಂಗಿನಲ್ಲಿ. ಅನಿಲಕ್ಕೆ ತಕ್ಕಷ್ಟು ಪೆಟ್ರೋಲು ಸೇರದಿದ್ದರೆ ಉಷ್ಣತೆ ಮಿತಿಮೀರಿ, ಮಿಶ್ರಣ ಅಕಾಲದಲ್ಲಿ ಸಿಡಿದು, ಪಿಸ್ಟನ್ ಕರಗಬಹುದು. ದಹನದ ವೇಗ ಹೆಚ್ಚುವುದರಿಂದ, ಹೆಚ್ಚಿಸಿದ ಪ್ರತಿ 50 ಅಶ್ವಶಕ್ತಿಗೆ ಸುಮಾರು 2 ಡಿಗ್ರಿಯಷ್ಟು ಕಿಡಿಯನ್ನು ತಡಮಾಡುವುದು ರೂಢಿ. ಸಿಲಿಂಡರಿನ ಒತ್ತಡ ಸಾಮಾನ್ಯವಾಗಿ ಚದರ ಅಂಗುಲಕ್ಕೆ 900ರಿಂದ 950 ಪೌಂಡಿರಬೇಕು. ಸ್ಯಾನ್ ಫ್ರಾನ್ಸಿಸ್ಕೋದ ಮಂಜಿನಲ್ಲಿ ಒತ್ತಡ ಕುಸಿದು ಪೆಟ್ರೋಲಿನ ಪಾಲು ಹೆಚ್ಚಾಗುತ್ತದೆ, ಬಲ ತಗ್ಗುತ್ತದೆ. ಲಿವರ್‌ಮೋರಿನ ಬೇಸಿಗೆಯಲ್ಲಿ ಒತ್ತಡ ಏರಿ ಅನಿಲದ ಪಾಲು ಹೆಚ್ಚಾಗುತ್ತದೆ, ಅಪಾಯವಿರುವುದು ಇಲ್ಲಿ. ಆದ್ದರಿಂದ ಒತ್ತಡಮಾಪಕ, ಥ್ರಾಟಲ್ ಪೂರ್ತಿ ತೆರೆದಾಗ ಮಾತ್ರ ಅನಿಲ ಬಿಡುವ ಸ್ವಿಚ್ಚು, ಪೆಟ್ರೋಲಿನ ಒತ್ತಡ ಕುಸಿದೊಡನೆ ಅನಿಲವನ್ನು ನಿಲ್ಲಿಸುವ ಸ್ವಿಚ್ಚು, ಇವು ಅಲಂಕಾರಗಳಲ್ಲ.

ಇನ್ನು ವೈದ್ಯನಾಗಿ ಎರಡು ಮಾತು. ಎಂಜಿನ್ನಿನ ಶಾಖದಲ್ಲಿ ಒಡೆಯುವ ಈ ಅಣು ನಮ್ಮ ಶರೀರದ ಶಾಖದಲ್ಲಿ ಒಡೆಯುವುದಿಲ್ಲ. ಅದರ ಆಮ್ಲಜನಕ ಉಸಿರಿಗೆ ಒದಗುವುದಿಲ್ಲ. ಅದಕ್ಕಾಗಿಯೇ ಆಸ್ಪತ್ರೆಯಲ್ಲಿ ಆಮ್ಲಜನಕವನ್ನು ಬೆರೆಸಿಯೇ ಕೊಡುತ್ತೇವೆ. ಮೋಜಿಗೆಂದು ಇದನ್ನೊಂದನ್ನೇ ಸೇದಿದವರು ಉಸಿರುಕಟ್ಟಿ ಸಾಯಬಹುದು. ಪದೇಪದೇ ಸೇದಿದರೆ ಇದು ಬಿ12 ಜೀವಸತ್ವವನ್ನು ನಿಷ್ಕ್ರಿಯಗೊಳಿಸಿ ಬೆನ್ನುಹುರಿಯನ್ನು ಕೆಡಿಸುತ್ತದೆ. ಸಸ್ಯಾಹಾರಿಗಳಾದ ನಮ್ಮ ಮನೆಗಳ ಮಕ್ಕಳಲ್ಲಿ ಬಿ12 ಮೊದಲೇ ಕಡಿಮೆಯಿರಬಹುದು. ಕಾಲು ಜುಮುಗುಟ್ಟಿದರೆ, ನಡಿಗೆ ತಡವರಿಸಿದರೆ ವೈದ್ಯರಿಂದ ಮುಚ್ಚಿಡಬೇಡಿ.

ಕ್ಯಾಲಿಫೋರ್ನಿಯಾದಲ್ಲಿ ಬೀದಿಯಲ್ಲಿ ಪಂದ್ಯ ಕಟ್ಟಿದರೆ ಕಾರನ್ನು 30 ದಿನ ವಶಪಡಿಸಿಕೊಳ್ಳಬಹುದು. ಹೋದ ಪ್ರಾಣಕ್ಕೆ ಅಂಥ ಗಡುವಿಲ್ಲ. ವೇಗದ ಹಂಬಲವಿದ್ದವರಿಗೆ 1968ರಲ್ಲಿ ಆರಂಭವಾದ ಸೊನೋಮಾ ರೇಸ್‌ವೇಯ ಕಾಲು ಮೈಲಿ ಪಥವಿದೆ. ಅಂದು ನಾನು ಹುಡುಗನನ್ನು ಗದರಲಿಲ್ಲ. “ಮೊದಲು ಒತ್ತಡಮಾಪಕ ತಾ, ಅಪ್ಪನನ್ನೂ ಸೊನೋಮಾಕ್ಕೆ ಕರೆದುಕೊಂಡು ಹೋಗು” ಎಂದೆ. ಪೋಷಕರಲ್ಲಿ ನನ್ನ ಬಿನ್ನಹವೂ ಇಷ್ಟೆ: ಮಕ್ಕಳು ಗರಾಜಿಗೆ ಕರೆದಾಗ ಹೋಗಿ ನೋಡಿ, ಕೇಳಿ ತಿಳಿಯಿರಿ.