ಯಂತ್ರದ ಉತ್ತರವೂ ಸಾಲಿನ ಮುರಿವೂ

ಗಡಿಯ ಊರುಗಳಲ್ಲಿ ವಾಸಿಸುವ ನಮಗೆ ದುಭಾಷಿಯೆಂದರೆ ಯಾರೆಂಬುದನ್ನು ವಿವರಿಸಬೇಕಾಗಿಲ್ಲ. ಕಂಪ್ಯೂಟರಿನೊಳಗೂ ಅಂಥದೊಂದು ದುಭಾಷಿಯುಂಟು. ಅದಕ್ಕೆ ಇಂಟರ್‌ಪ್ರಿಟರ್ ಎಂದು ಹೆಸರು. ನಾವು ಬರೆದ ಆದೇಶವನ್ನು ಅದು ಓದಿ, ನಡೆಸಿ, ದೊರೆತ ಮೌಲ್ಯವನ್ನು ಒಡನೆಯೇ ಪರದೆಯ ಮೇಲೆ ತೋರಿಸುತ್ತದೆ. ಇಂದು ಶಾಲಾ ಮಕ್ಕಳು ಕಲಿಯುವ ಪೈಥಾನ್ ಭಾಷೆಯು ಈ ಬಗೆಯದು. ಪ್ರೋಗ್ರಾಂ ಬರೆಯುವ ಹಾಳೆಯಂತಿರುವುದು ಎಡಿಟರ್. ಎಡಿಟರಿಗೆ ಹೆಚ್ಚಿನ ಶಕ್ತಿಯನ್ನು ಕೊಡಲು ಸೇರಿಸುವ ಚಿಕ್ಕ ಜೋಡಣೆಯೇ ಪ್ಲಗಿನ್. ದುಭಾಷಿಯ ಉತ್ತರವನ್ನು ತಂದು, ನಾವು ಬರೆದ ಸಾಲಿನ ಪಕ್ಕದಲ್ಲಿಯೇ ಇರಿಸುವ ಪ್ಲಗಿನ್ನುಗಳಿವೆ. ಆ ಉತ್ತರವನ್ನು ಯಾವ ರೂಪದಲ್ಲಿ ತರಬೇಕು ಎಂಬುದೇ ಇಲ್ಲಿಯ ವಿಚಾರ.

ಒಂದು ಉದಾಹರಣೆಯನ್ನು ನೋಡೋಣ. ತರಗತಿಯೊಂದರ 35 ವಿದ್ಯಾರ್ಥಿಗಳ ಅಂಕಗಳ ಪಟ್ಟಿಯಿದೆ. ಎಲ್ಲವೂ ಎರಡಂಕಿಯ ಸಂಖ್ಯೆಗಳು. ಅಲ್ಪವಿರಾಮ, ತೆರಪು, ಆವರಣ ಚಿಹ್ನೆಗಳನ್ನೂ ಕೂಡಿಸಿದರೆ ಇದು 140 ಚಿಹ್ನೆಗಳ ಒಂದೇ ಸಾಲು. ಪೈಥಾನಿನಲ್ಲಿ ಮೌಲ್ಯಗಳನ್ನು ಅಂದವಾಗಿ ತೋರಿಸುವುದಕ್ಕೆಂದೇ ಪಿಪ್ರಿಂಟ್ ಎಂಬ ಸಾಧನವುಂಟು. ನಾವು ಬೇರೆ ಅಗಲವನ್ನು ಸೂಚಿಸದಿದ್ದರೆ ಅದು 80 ಚಿಹ್ನೆಗಳ ಅಗಲವನ್ನು ಮಿತಿಯಾಗಿ ಇಟ್ಟುಕೊಳ್ಳುತ್ತದೆ; ಪಟ್ಟಿಯು ಅದನ್ನು ಮೀರಿದರೆ ಒಂದೊಂದು ಅಂಕವನ್ನೂ ಒಂದೊಂದು ಸಾಲಿನಲ್ಲಿ ಬರೆಯುತ್ತದೆ. ಹೀಗೆ ಒಂದು ಸಾಲು 35 ಸಾಲುಗಳಾಗುತ್ತದೆ. ಕಣ್ಣಿಗೆ ಇದು ಹಿತವೇ ಸರಿ. ಆದರೆ ಪ್ಲಗಿನ್ ಈ ಉತ್ತರದ ಮುಂದೆ ‘#’ ಚಿಹ್ನೆಯನ್ನಿಟ್ಟು ಟಿಪ್ಪಣಿಯಾಗಿ ಬರೆಯಿತೆನ್ನಿ. ಆ ಚಿಹ್ನೆಯ ರಕ್ಷಣೆ ಅದೇ ಸಾಲಿನ ಕೊನೆಯವರೆಗೆ ಮಾತ್ರ. ಮಿಕ್ಕ 34 ಸಾಲುಗಳು ಟಿಪ್ಪಣಿಯ ಹೊರಗೆ ಬೀಳುತ್ತವೆ. ದುಭಾಷಿಯು ಅವನ್ನು ಆದೇಶಗಳೆಂದೇ ಓದಿ, ತಪ್ಪೆಂದು ಹೇಳಿ ನಿಂತುಬಿಡುತ್ತದೆ. ಸರಿಯಾಗಿ ಲೆಕ್ಕ ಮಾಡಿದ ಹುಡುಗಿಯ ಪ್ರೋಗ್ರಾಂ ಹೀಗೆ ಕೆಡುತ್ತದೆ. ತಪ್ಪು ತನ್ನ ಲೆಕ್ಕದಲ್ಲಿದೆಯೆಂದು ಅವಳು ಹುಡುಕುತ್ತ ಕೂರುತ್ತಾಳೆ. ಇದ್ದುದು ಸಾಲಿನ ಮಡಿಕೆಯಲ್ಲಿ!

ಈ 80 ಎಂಬ ಸಂಖ್ಯೆಯಾದರೂ ಎಲ್ಲಿಯದು? 1928ರಲ್ಲಿ ಐಬಿಎಂ ಕಂಪನಿಯು ಹೊರತಂದ ರಂಧ್ರಪತ್ರದಲ್ಲಿ 80 ಕಂಬಗಳಿದ್ದುವು. 1978ರ ವಿಟಿ 100 ಎಂಬ ಪರದೆಯಲ್ಲಿಯೂ ಸಾಲಿಗೆ 80 ಅಕ್ಷರಗಳು. ಆ ಪತ್ರಗಳು ಹೋದುವು, ಆ ಪರದೆಗಳೂ ಹೋದುವು. ಅಳತೆ ಮಾತ್ರ ಉಳಿಯಿತು.

ನಮ್ಮ ಶಿಲಾಶಾಸನಗಳನ್ನು ಕಂಡವರಿಗೆ ಇದರ ಮರ್ಮವು ಬೇಗ ತಿಳಿಯುವುದು. ಶಾಸನದಲ್ಲಿ ಕಲ್ಲು ಮುಗಿದಲ್ಲಿ ಸಾಲು ಮುಗಿಯುತ್ತದೆ. ಪದವು ನಡುವೆ ಮುರಿದು ಮುಂದಿನ ಸಾಲಿಗೆ ಹೋಗುವುದೂ ಉಂಟು. ಓಲೆಗರಿಯಲ್ಲಿಯೂ ಹೀಗೆಯೇ: ಕಂದಪದ್ಯಕ್ಕೆ ನಾಲ್ಕು ಪಾದಗಳಿದ್ದರೂ ಲಿಪಿಕಾರನು ಅದನ್ನು ಗದ್ಯದಂತೆ ಒಂದೇ ಸಮನೆ ಬರೆದುಕೊಂಡು ಹೋಗುತ್ತಿದ್ದನು. ಪಾದದ ಕೊನೆ ಪದ್ಯಕ್ಕೆ ಸೇರಿದುದು. ಗರಿಯ ಅಂಚು ಗರಿಗೆ ಸೇರಿದುದು. ಇವೆರಡನ್ನೂ ಒಂದೇ ಎಂದುಕೊಂಡವನು ಪದ್ಯವನ್ನು ಓದಲಾರನು.

ಆದುದರಿಂದ ಪ್ಲಗಿನ್ ದುಭಾಷಿಯಿಂದ ಮೌಲ್ಯವನ್ನು ಮಡಿಸದ ರೂಪದಲ್ಲಿಯೇ ಕೇಳಬೇಕು. ಪೈಥಾನಿನಲ್ಲಿ ಇದಕ್ಕೆ ರೆಪ್ರ್ ಎಂಬ ಕ್ರಿಯೆಯುಂಟು. ಪಟ್ಟಿಯು ಎಷ್ಟೇ ಉದ್ದವಾಗಿದ್ದರೂ ಅದು ಒಂದೇ ಸಾಲಿನಲ್ಲಿ ಕೊಡುತ್ತದೆ. ಇದರಲ್ಲಿ ನಾನು ಬಹುವಾಗಿ ಮೆಚ್ಚುವ ಗುಣವೊಂದಿದೆ. ಮೌಲ್ಯದೊಳಗೇ ನಿಜವಾದ ಸಾಲುಮುರಿವು ಇದ್ದರೆ, ಉದಾಹರಣೆಗೆ ಎರಡು ಸಾಲಿನ ವಿಳಾಸವಿದ್ದರೆ, ರೆಪ್ರ್ ಅಲ್ಲಿ ಸಾಲನ್ನು ಮುರಿಯದೆ ಒಂದು ಓರೆಗೆರೆಯನ್ನೂ ‘ಎನ್’ ಎಂಬ ಇಂಗ್ಲಿಷ್ ಅಕ್ಷರವನ್ನೂ ಬರೆಯುತ್ತದೆ. ಬರೆದವನ ಮುರಿವು ಗುರುತಾಗಿ ಉಳಿಯಿತು. ಪರದೆಯ ಮುರಿವು ಸೇರಲೇ ಇಲ್ಲ.

ಎಲ್ಲ ವಸ್ತುಗಳೂ ಇಷ್ಟು ವಿಧೇಯವಲ್ಲ. ದೊಡ್ಡ ಸಂಖ್ಯಾಸಮೂಹಗಳಿಗಾಗಿ ಬಳಸುವ ನಂಪೈ ಎಂಬ ಗ್ರಂಥಾಲಯವು ರೆಪ್ರ್ ಕೇಳಿದರೂ 75 ಚಿಹ್ನೆಗಳಿಗೆ ಸಾಲನ್ನು ಮಡಿಸುತ್ತದೆ. ಸಂಖ್ಯೆಗಳು 1000ವನ್ನು ಮೀರಿದರೆ ಮೊದಲಿನ ಮೂರನ್ನೂ ಕೊನೆಯ ಮೂರನ್ನೂ ತೋರಿಸಿ ನಡುವೆ ಚುಕ್ಕಿಗಳನ್ನಿಡುತ್ತದೆ. ಅಂಥಲ್ಲಿ ಆ ಎರಡು ಮಿತಿಗಳನ್ನೂ ಬಹು ದೊಡ್ಡ ಸಂಖ್ಯೆಗಳಿಗೆ ಏರಿಸಬೇಕು.

ಕನ್ನಡವನ್ನು ಟೈಪು ಮಾಡುವವರು ಒಂದು ವಿಶೇಷವನ್ನು ಗಮನಿಸಬೇಕು. ಪೈಥಾನ್ 3ರಲ್ಲಿ ರೆಪ್ರ್ ನಮ್ಮ ಅಕ್ಷರಗಳನ್ನು ಹಾಗೆಯೇ ಬರೆಯುತ್ತದೆ. ಆದರೆ ‘ಬಸ್‌ಗಳು’ ಎಂಬಲ್ಲಿ ಒತ್ತಕ್ಷರವಾಗದಂತೆ ತಡೆಯಲು ಕಣ್ಣಿಗೆ ಕಾಣದ ಚಿಹ್ನೆಯೊಂದನ್ನು ಹಾಕುವೆವಷ್ಟೆ. ರೆಪ್ರ್ ಅದರ ಸ್ಥಾನದಲ್ಲಿ ಓರೆಗೆರೆಯಿಂದ ಮೊದಲಾಗುವ ಆರು ಚಿಹ್ನೆಗಳ ಸಂಕೇತವನ್ನು ಬರೆಯುತ್ತದೆ. ಅದು ದೋಷವಲ್ಲ, ಅಳಿಸಬೇಡಿರಿ.

ಒಂದೇ ಸಾಲು ಪರದೆಯಾಚೆಗೆ ಹರಿದುಹೋದರೆ ಓದುವುದು ಹೇಗೆಂದು ಪೋಷಕರು ಕೇಳಬಹುದು. ಮಡಿಸಿ ತೋರಿಸುವುದು ಎಡಿಟರಿನ ಕೆಲಸ. ವಿಂಡೋಸ್ ಯಂತ್ರದ ವಿಎಸ್ ಕೋಡ್ ಎಡಿಟರಿನಲ್ಲಿ ಆಲ್ಟ್ ಕೀಲಿಯೊಡನೆ ಜೆಡ್ ಅನ್ನು ಒತ್ತಿದರೆ ಉದ್ದನೆಯ ಸಾಲು ಕಿಟಕಿಯ ಅಗಲಕ್ಕೆ ಮಡಿಸಿಕೊಳ್ಳುತ್ತದೆ. ಮತ್ತೊಮ್ಮೆ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಕಡತದಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ.