ಹತ್ತು ಆಸನಗಳ ಸುಶಿ ಅಂಗಡಿ

ಸುಶಿ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಹಿರಿಯರು ಕೇಳುವ ಪ್ರಶ್ನೆ ಒಂದೇ: “ಹಸಿ ಮೀನು ತಿನ್ನುವುದೆ?” ಕಿರಿಯರು ಕೇಳುವುದೂ ಒಂದೇ: “ಬಿಲ್ಲು ಎಷ್ಟಾಯಿತು?” ಮುಂಬಯಿ, ದಿಲ್ಲಿಗಳ ಐಷಾರಾಮಿ ಹೋಟೆಲುಗಳಲ್ಲಿ ಮಾತ್ರ ಅದನ್ನು ಕಂಡವರಿಗೆ ಈ ಎರಡು ಪ್ರಶ್ನೆಗಳೂ ಸಹಜವೇ. ಆದರೆ ಜಪಾನಿನಲ್ಲಿ ಸುಶಿ ಬಹುಕಾಲ ಬಾಳಿದ್ದು ಅಂಥ ಹೋಟೆಲುಗಳಲ್ಲಲ್ಲ. ಬೀದಿಯ ತಿರುವಿನಲ್ಲಿ, ಕ್ಷೌರದಂಗಡಿಗೂ ತರಕಾರಿಯಂಗಡಿಗೂ ನಡುವೆ ಸಿಕ್ಕಿಕೊಂಡಂತಿರುವ, ಹತ್ತು ಜನ ಕುಳಿತರೆ ತುಂಬಿಹೋಗುವ ಪುಟ್ಟ ಅಂಗಡಿಯೇ ಅದರ ನಿಜವಾದ ಮನೆ. ಆ ಅಂಗಡಿಯ ಕಥೆಯಲ್ಲಿ ನಮ್ಮವರ ಕಥೆಯೂ ಅಷ್ಟಿಷ್ಟು ಬೆರೆತಿರುವಂತೆ ನನಗೆ ತೋರಿದ್ದರಿಂದ ಈ ನಾಲ್ಕು ಮಾತು.

ಮೊದಲನೆಯದಾಗಿ, ಸುಶಿ ಎಂದರೆ ಹಸಿ ಮೀನಲ್ಲ, ಹುಳಿಯನ್ನ. ಹಸಿ ಮೀನಿನ ಬರಿಯ ಹೋಳುಗಳಿಗೆ ‘ಸಾಶಿಮಿ’ ಎಂದು ಬೇರೆಯೇ ಹೆಸರುಂಟು. ಸುಶಿಯಲ್ಲಿ ಅನ್ನವೇ ಯಜಮಾನ. ಬಿಸಿ ಅನ್ನವನ್ನು ಅಗಲವಾದ ಮರದ ತೊಟ್ಟಿಗೆ ಸುರಿದು, ಅಕ್ಕಿಯಿಂದಲೇ ಮಾಡಿದ ವಿನೆಗರು, ಉಪ್ಪು, ಬೇಕಾದರೆ ಕೊಂಚ ಸಕ್ಕರೆ ಬೆರೆಸಿ, ಅಗುಳು ಮುರಿಯದಂತೆ ಮಗುಚುತ್ತ ಬೀಸಣಿಗೆಯಿಂದ ಗಾಳಿ ಹಾಕುತ್ತಾರೆ. ಅನ್ನ ಅಂಗೈಯಷ್ಟು ಬೆಚ್ಚಗೆ ಉಳಿಯಬೇಕು. ಸುಶಿ ಅಂಗಡಿಯವರು ಈ ಅನ್ನಕ್ಕೆ ‘ಶಾರಿ’ ಎನ್ನುತ್ತಾರೆ. ಅದು ನಮ್ಮ ಸಂಸ್ಕೃತದ ‘ಶರೀರ’ ಶಬ್ದವೇ! ಬೌದ್ಧರು ಬುದ್ಧನ ಪವಿತ್ರ ಅಸ್ಥಿಗೆ ಹೇಳುತ್ತಿದ್ದ ಮಾತು ಚೀನದ ದಾರಿಯಾಗಿ ಜಪಾನು ಸೇರಿತು. ಬೆಳ್ಳನೆಯ ಅನ್ನದ ಅಗುಳುಗಳನ್ನು ಆ ಅಸ್ಥಿಯ ಕಣಗಳಿಗೆ ಹೋಲಿಸಿ ಆ ಹೆಸರಿಟ್ಟರೆಂದು ಹೇಳುತ್ತಾರೆ. ಅನ್ನಕ್ಕೆ ಇದಕ್ಕಿಂತ ದೊಡ್ಡ ಗೌರವವನ್ನು ಯಾರು ಕೊಟ್ಟಾರು!

ವಿಚಿತ್ರವೆಂದರೆ, ಮೊದಮೊದಲು ಈ ಅನ್ನವನ್ನು ಎಸೆಯುತ್ತಿದ್ದರು. ಮೀನಿಗೆ ಉಪ್ಪು ಸವರಿ, ಅನ್ನದ ನಡುವೆ ಒತ್ತಿ, ಮೇಲೆ ಕಲ್ಲು ಹೇರಿ ತಿಂಗಳುಗಟ್ಟಲೆ ಇಡುವುದು. ಅನ್ನ ಹುಳಿತು ಮೀನು ಕೆಡದಂತೆ ಉಳಿಯುವುದು. ಕಡೆಗೆ ಮೀನನ್ನು ತಿಂದು ಅನ್ನವನ್ನು ಚೆಲ್ಲುವುದು. ಉಪ್ಪಿನಕಾಯಿ ಹಾಕಿ ಬಲ್ಲ ನಮಗೆ ಈ ಯುಕ್ತಿ ಹೊಸದೇನಲ್ಲ. ಬಿವಾ ಎಂಬ ಸರೋವರದ ತೀರದಲ್ಲಿ ಈಗಲೂ ಈ ಬಗೆಯ ಸುಶಿ ಮಾಡುವವರಿದ್ದಾರೆ. ಕ್ರಮೇಣ ಜನರು ಅನ್ನವನ್ನೂ ತಿನ್ನತೊಡಗಿದರು. ಆಮೇಲೆ ಹುಳಿ ಬರುವತನಕ ಕಾಯುವ ತಾಳ್ಮೆಯೂ ತಪ್ಪಿ, ವಿನೆಗರನ್ನೇ ಬೆರೆಸಿದರು. ಟೋಕಿಯೋ ನಗರವನ್ನು ಎದೊ ಎಂದು ಕರೆಯುತ್ತಿದ್ದ ಕಾಲದಲ್ಲಿ, 1820ರ ದಶಕದ ಸುಮಾರಿಗೆ, ಅನ್ನದ ಪುಟ್ಟ ಉಂಡೆಯನ್ನು ಕೈಯಲ್ಲೇ ಒತ್ತಿ, ಮೇಲೊಂದು ಮೀನಿನ ಹೋಳನ್ನಿಟ್ಟು ಗಿರಾಕಿಯ ಮುಂದಿಡುವ ಪದ್ಧತಿ ಬಂದಿತು. ಅದರ ಕೀರ್ತಿಯನ್ನು ಸಾಮಾನ್ಯವಾಗಿ ರ್‍ಯೋಗೊಕು ಎಂಬಲ್ಲಿನ ಹನಾಯ ಯೋಹೆಯಿ ಎಂಬವನಿಗೆ ಕೊಡುತ್ತಾರೆ. ಬೀದಿಬದಿಯ ಗಾಡಿಗಳಲ್ಲಿ, ಅವಸರದ ಕೂಲಿಕಾರರಿಗೆಂದು ಮಾರುತ್ತಿದ್ದ ತಿಂಡಿ ಅದು. ನಮ್ಮ ಮುಂಬಯಿಯ ವಡಾಪಾವಿನ ಬಳಗಕ್ಕೆ ಸೇರಿದ್ದೆನ್ನಬಹುದು.

ಆಗ ಮಂಜುಗಡ್ಡೆಯ ಪೆಟ್ಟಿಗೆಗಳಿಲ್ಲ. ಆದ್ದರಿಂದ ಆ ಗಾಡಿಯವರು ಮೀನನ್ನು ಹಸಿಯಾಗಿಯೇ ಕೊಡುವುದು ಕಡಮೆ. ನಮ್ಮ ಬಂಗುಡೆಯ ಬಂಧುವಾದ ‘ಸಬಾ’ ಮೀನಿಗೆ ಉಪ್ಪು ಹಾಕಿ ವಿನೆಗರಿನಲ್ಲಿ ನೆನೆಸುವರು. ಹಾವಿನಾಕಾರದ ‘ಅನಾಗೊ’ ಮೀನನ್ನು ಮೆತ್ತಗೆ ಬೇಯಿಸುವರು. ಸೀಗಡಿಯನ್ನು ಕುದಿಸುವರು. ಕೆಂಪು ಮೀನನ್ನು ಸೋಯಾ ರಸದಲ್ಲಿ ಮುಳುಗಿಸಿಡುವರು. ಇಂದಿಗೂ ಹಳೆಯ ಸಂಪ್ರದಾಯದ ಅಂಗಡಿಯಲ್ಲಿ ಈ ಸಂಸ್ಕಾರಗಳು ನಡೆಯುತ್ತವೆ. ಹಾಗೆಂದು ಪೇಟೆಯ ಬಂಗುಡೆಯನ್ನು ತಂದು ಮನೆಯಲ್ಲಿ ಈ ಪ್ರಯೋಗಕ್ಕೆ ಇಳಿಯಬೇಡಿ. ಕಡಲ ಮೀನಿನಲ್ಲಿ ಅನಿಸಾಕಿಸ್ ಎಂಬ ಹುಳುವಿರುವುದುಂಟು. ಅದು ವಿನೆಗರಿಗೆ ಸಾಯುವುದಿಲ್ಲ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಶೈತ್ಯದಲ್ಲಿ 24 ಗಂಟೆ ಇಡಬೇಕು, ಇಲ್ಲವೇ ಚೆನ್ನಾಗಿ ಬೇಯಿಸಬೇಕು. ನಮ್ಮ ಬಂಗುಡೆಗೆ ನಮ್ಮ ಪುಳಿಮುಂಚಿಯೇ ಕ್ಷೇಮ!

ಗಾಡಿಯ ಸುಶಿ ಊರೂರಿಗೆ ಹಬ್ಬಿದ್ದಕ್ಕೆ ಎರಡು ಕಷ್ಟಗಳು ಕಾರಣವೆನ್ನುತ್ತಾರೆ. 1923ರ ಸೆಪ್ಟೆಂಬರ್ 1ರ ಮಹಾಭೂಕಂಪದಲ್ಲಿ ಟೋಕಿಯೋ ಹಾಳಾದಾಗ ಅಲ್ಲಿನ ಕುಶಲಿಗರು ತಮ್ಮ ತಮ್ಮ ಊರುಗಳಿಗೆ ಮರಳಿ ಅಂಗಡಿ ಹಾಕಿದರು. ಎರಡನೆಯದು ಯುದ್ಧಾನಂತರದ ಅನ್ನದ ಅಭಾವ. 1947ರ ಜುಲೈಯಲ್ಲಿ ಸರಕಾರವು ಊಟದ ಅಂಗಡಿಗಳನ್ನು ಮುಚ್ಚುವಂತೆ ಆಜ್ಞೆ ಮಾಡಿತು. ಟೋಕಿಯೋದ ಸುಶಿ ವರ್ತಕರು ಆಗ ಒಂದು ಉಪಾಯ ಹೂಡಿದರು: “ನಾವು ಊಟ ಮಾರುವುದಿಲ್ಲ. ಗಿರಾಕಿಯೇ ತನ್ನ ಪಾಲಿನ ಅಕ್ಕಿ ತರಲಿ. ನಾವು ಅದನ್ನು ಸುಶಿಯಾಗಿ ಮಾಡಿಕೊಟ್ಟು ಕೂಲಿ ಪಡೆಯುತ್ತೇವೆ.” ಅಧಿಕಾರಿಗಳು ಒಪ್ಪಿದರು. ಒಂದು ‘ಗೋ’, ಎಂದರೆ ಸುಮಾರು 150 ಗ್ರಾಂ ಅಕ್ಕಿಗೆ ಹತ್ತು ಸುಶಿ ಎಂದು ಲೆಕ್ಕವಾಯಿತು. ಅಕ್ಕಿಯ ಗಂಟನ್ನು ಹಿಡಿದು ಅಂಗಡಿಯ ಮುಂದೆ ನಿಂತ ಆ ಸಂಸಾರಸ್ಥರನ್ನು, ರೇಷನ್ನಿನ ಸಾಲಿನಲ್ಲಿ ನಿಂತು ಬೆಳೆದ ನಮ್ಮ ಹಿರಿಯರು ಸುಲಭವಾಗಿ ಕಣ್ಣಮುಂದೆ ತಂದುಕೊಳ್ಳಬಲ್ಲರು.

ಇಷ್ಟನ್ನೂ ನಾನು ಓದಿ ತಿಳಿದದ್ದು. ಕಂಡು ತಿಳಿದದ್ದು, ಕಳೆದ ವರ್ಷ ಮಗಳ ಮನೆಗೆಂದು ಟೋಕಿಯೋಗೆ ಹೋದಾಗ. ಅವಳು ಇರುವುದು ಎದೊಗಾವ ವಿಭಾಗದ ನಿಶಿ-ಕಸಾಯಿಯಲ್ಲಿ. 2000ದ ಸುಮಾರಿನಿಂದ ಕಂಪ್ಯೂಟರು ಕೆಲಸದ ಭಾರತೀಯರು ಅಲ್ಲಿ ಬಿಡಾರ ಹೂಡುತ್ತ ಬಂದು, ಈಗ ಅದು ಅಲ್ಲಿಯ ನಮ್ಮ ಮಾಟುಂಗವೇ ಆಗಿಬಿಟ್ಟಿದೆ. ತೊಗರಿಬೇಳೆ ಸಿಗುತ್ತದೆ, ಕನ್ನಡವೂ ಕಿವಿಗೆ ಬೀಳುತ್ತದೆ. ಮಗಳ ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಸುಶಿ ಅಂಗಡಿ. ಬಾಗಿಲಿಗೆ ನೀಲಿ ಬಟ್ಟೆಯ ತೆರೆ. ಇದಕ್ಕೆ ‘ನೊರೆನ್’ ಎನ್ನುತ್ತಾರೆ. ಅದು ತೂಗುತ್ತಿದ್ದರೆ ಅಂಗಡಿ ತೆರೆದಿದೆಯೆಂದು ಅರ್ಥ. ಒಳಗೆ ಬಿಳಿಯ ಮರದ ಉದ್ದನೆಯ ಹಲಗೆ, ಅದರ ಮೇಲೆ ಮೀನಿರಿಸಿದ ಗಾಜಿನ ಪೆಟ್ಟಿಗೆ, ಎದುರಿಗೆ ಹತ್ತು ಆಸನ. ಹಲಗೆಯ ಆಚೆ ಎಪ್ಪತ್ತು ದಾಟಿದ ಯಜಮಾನರು. ಈಚೆ ಬಿಸಿ ಟವೆಲು, ಚಹಾ ಕೊಡುವ ಅವರ ಮನೆಯಾಕೆ. ಗೋಡೆಯ ಮೇಲೆ ಸಾಧಾರಣ, ಮೇಲು, ವಿಶೇಷ ಎಂದು ಮೂರು ದರ್ಜೆಯ ಪಟ್ಟಿ. ಕೆಲವು ಮೀನುಗಳ ಮುಂದೆ ದರವನ್ನೇ ಬರೆದಿಲ್ಲ. ಅಂದಂದಿನ ಪೇಟೆಯ ಧಾರಣೆ.

ನಾವು ಹೋದ ದಿನ ಶನಿವಾರ. ಶನಿವಾರ ನನ್ನ ಮನೆಯಾಕೆ ಮೀನು ಮುಟ್ಟುವುದಿಲ್ಲ. “ಸುಶಿ ಅಂಗಡಿಗೆ ಹೋಗಿ ಚಹಾ ಕುಡಿದು ಬರುವುದೆ?” ಎಂದು ಅವಳು ದಾರಿಯುದ್ದಕ್ಕೂ ಗೊಣಗಿದ್ದಳು. ಮಗಳು ಜಪಾನಿ ಭಾಷೆಯಲ್ಲಿ ವಿಷಯವನ್ನರುಹಿದಾಗ ಯಜಮಾನರು ನಗಲಿಲ್ಲ, ಬೇಸರಿಸಲೂ ಇಲ್ಲ. “ಮೀನಿನ ಸಾರೂ ಕೂಡದೆ?” ಎಂದು ಒಂದೇ ಪ್ರಶ್ನೆ ಕೇಳಿದರು. ಪ್ರಶ್ನೆ ಸಣ್ಣದಲ್ಲ. ಜಪಾನಿನ ಅಡುಗೆಯಲ್ಲಿ ಒಣಮೀನಿನ ಚೂರಿನಿಂದ ತೆಗೆದ ‘ದಾಶಿ’ ಎಂಬ ಸಾರು ಎಲ್ಲೆಲ್ಲಿಯೂ ಅಡಗಿರುತ್ತದೆ. ಮೊಟ್ಟೆಯ ದೋಸೆಯಲ್ಲಿ, ಸೋಯಾ ಗಿಣ್ಣಿನ ಚೀಲಕ್ಕೆ ಅನ್ನ ತುಂಬಿದ ಇನಾರಿಯಲ್ಲಿ, ಮಿಸೊ ಸಾರಿನಲ್ಲಿ. ನಮ್ಮ ಶಾಕಾಹಾರಿ ಬಂಧುಗಳು ಅಲ್ಲಿಗೆ ಹೋದಾಗ “ಮೀನು ಬೇಡ” ಎಂದರೆ ಸಾಲದು, “ದಾಶಿಯೂ ಬೇಡ” ಎನ್ನಬೇಕು.

ಯಜಮಾನರು ಹಲಗೆಯನ್ನೂ ಚೂರಿಯನ್ನೂ ತೊಳೆದು ಒರೆಸಿದರು. ಮೊದಲು ಸೌತೆಕಾಯಿಯ ಸುರುಳಿ ಬಂತು; ಸೌತೆಯ ಮೇಲೆ ಆಸೆಯುಳ್ಳ ‘ಕಪ್ಪಾ’ ಎಂಬ ನೀರಿನ ಭೂತದ ಹೆಸರು ಅದಕ್ಕೆ. ಮತ್ತೆ ಉಪ್ಪಿನಲ್ಲಿ ಹಾಕಿದ ಮೂಲಂಗಿಯ ಸುರುಳಿ. ಕೊನೆಗೆ ಕಂದುಬಣ್ಣದ, ಸಿಹಿಯಾದ ಎಂಥದೋ ಎಳೆಗಳನ್ನು ಅನ್ನದೊಳಗಿಟ್ಟು ಕಡಲಪಾಚಿಯ ಹಾಳೆಯಲ್ಲಿ ಸುತ್ತಿದ್ದು. “ಇದು ಕನ್‌ಪ್ಯೋ. ನಮ್ಮಲ್ಲಿ ಇದನ್ನು ಸೋಯಾ ರಸ, ಸಕ್ಕರೆಯಲ್ಲೇ ಬೇಯಿಸುತ್ತೇವೆ, ದಾಶಿ ಇಲ್ಲ” ಎಂದರಂತೆ. ನನ್ನ ಮನೆಯಾಕೆ ಎರಡನೆಯ ತುತ್ತಿಗೆ ತಲೆಯೆತ್ತಿ, “ಇದು ನಮ್ಮ ಸೋರೆಕಾಯಲ್ಲವೆ?” ಎಂದಳು. ಹೌದು, ಸೋರೆಕಾಯಿಯೇ! ಸೋರೆಯ ಜಾತಿಯ ದುಂಡುಕಾಯಿಯನ್ನು ರಿಬ್ಬನ್ನಿನಂತೆ ಹೆರೆದು ಬಿಸಿಲಿಗೆ ಒಣಗಿಸಿದ್ದು. ಜಪಾನಿನಲ್ಲಿ ಬೆಳೆಯುವ ಕನ್‌ಪ್ಯೋದ ಬಹುಪಾಲು ತೊಚಿಗಿ ಎಂಬ ಒಂದೇ ಸೀಮೆಯದು.

ನನ್ನ ತಟ್ಟೆಗೆ ಬಂದದ್ದು ಸಾಧಾರಣ ದರ್ಜೆಯ ಸುಶಿ. ಕೈಯಿಂದಲೇ ತಿನ್ನಬಹುದು, ಅದು ಅಸಭ್ಯವಲ್ಲ. ಅನ್ನವನ್ನಲ್ಲ, ಮೀನಿನ ಬದಿಯನ್ನು ಸೋಯಾ ರಸಕ್ಕೆ ತಾಗಿಸಿ, ಒಂದೇ ತುತ್ತಿಗೆ ಬಾಯಿಗಿಡಬೇಕು. ನಡುನಡುವೆ ಶುಂಠಿಯ ಹೋಳು, ದೊಡ್ಡ ಲೋಟದಲ್ಲಿ ಬಿಸಿ ಚಹಾ. ನಾನು ತಿಂದ ಹಾಗೆಲ್ಲ ಅವರು ನನ್ನ ಕೈಯನ್ನೂ ಬಾಯನ್ನೂ ಗಮನಿಸುತ್ತಿದ್ದರು. ನಾಲ್ಕನೆಯ ತುಂಡಿನಿಂದ ಅನ್ನದ ಉಂಡೆ ಕೊಂಚ ಚಿಕ್ಕದಾಯಿತು. ಮಾಡುವವನಿಗೂ ತಿನ್ನುವವನಿಗೂ ನಡುವೆ ಒಂದು ಹಲಗೆಯಷ್ಟೇ ಅಂತರ. ಅಲ್ಲಿ ಮೋಸಕ್ಕೂ ಎಡೆಯಿಲ್ಲ, ಉದಾಸೀನಕ್ಕೂ ಎಡೆಯಿಲ್ಲ.

ನೆರೆಹೊರೆಯ ಮನೆಗಳಿಗೂ ಆ ಅಂಗಡಿಯಿಂದ ಸುಶಿ ಹೋಗುತ್ತದೆ. ನೆಂಟರು ಬಂದಾಗ, ಉತ್ತರಕ್ರಿಯೆಯ ದಿನ, ಮಗು ಪರೀಕ್ಷೆಯಲ್ಲಿ ಗೆದ್ದಾಗ ದುಂಡನೆಯ ಅರಗಿನ ತಟ್ಟೆಯಲ್ಲಿ ಜೋಡಿಸಿ ಕೊಟ್ಟುಬರುತ್ತಾರೆ. ಉಂಡವರು ತಟ್ಟೆಯನ್ನು ತೊಳೆದು ಬಾಗಿಲ ಹೊರಗಿಡುತ್ತಾರೆ. ಅಂಗಡಿಯವರು ಮರುದಿನ ಬಂದು ಒಯ್ಯುತ್ತಾರೆ. ರಶೀದಿಯಿಲ್ಲ, ಠೇವಣಿಯಿಲ್ಲ.

ಯಜಮಾನರು ಹದಿನಾರನೆಯ ವಯಸ್ಸಿಗೆ ಹಳ್ಳಿಯಿಂದ ಬಂದವರಂತೆ. ಮೊದಲ ವರ್ಷಗಳಲ್ಲಿ ನೆಲ ತೊಳೆಯುವುದು, ಸೈಕಲ್ಲಿನಲ್ಲಿ ತಟ್ಟೆ ಮುಟ್ಟಿಸುವುದು. ಆಮೇಲೆ ಅಕ್ಕಿ ತೊಳೆಯುವುದು. ಮೀನಿಗೆ ಚೂರಿ ತಾಗಿಸಲು ವರ್ಷಗಳೇ ಬೇಕಾದವು. ಪೂರಾ ಕುಶಲಿಗನಾಗಲು ಹತ್ತು ವರ್ಷವೆಂಬುದು ಆ ಕಸುಬಿನ ಹಳೆಯ ಲೆಕ್ಕ. ಮಗಳು ಇದನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದಂತೆ ನನಗೆ ನನ್ನ ತೀರ್ಥರೂಪರ ನೆನಪಾಯಿತು. ಅವರೂ ಹದಿಮೂರನೆಯ ವಯಸ್ಸಿಗೆ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು ಹೋಟೆಲಿನಲ್ಲಿ ಕಪ್ಪುಬಸಿ ತೊಳೆದವರು; ಹಗಲು ಹೋಟೆಲು, ರಾತ್ರಿ ಕನ್ನಡ ಶಾಲೆ. ಮುಂದೆ ಇನ್ನೊಬ್ಬರ ಪಾಲುದಾರಿಕೆಯಲ್ಲಿ ಎಂಟು ಮೇಜಿನ ಹೋಟೆಲು ನಡೆಸಿದರು.

“ನಿಮ್ಮ ತರುವಾಯ ಯಾರು?” ಎಂದು ಕೇಳಿಸಿದೆ. ಮಗ ಒಸಾಕಾದಲ್ಲಿ ದೊಡ್ಡ ಕಂಪನಿಯ ಇಂಜಿನಿಯರಂತೆ. “ನಾನು ನಿಲ್ಲುವಷ್ಟು ದಿನ ಈ ನೊರೆನ್” ಎಂದರು. ಆದರೆ ಮಗನ ಕಂಪನಿಯ ಹೆಸರನ್ನು ಹೇಳಿದಾಗ ಅವರ ಮುಖ ಅರಳಿತು. ಆ ಮುಖವನ್ನು ನಾನು ಬಲ್ಲೆ. ನನಗೆ ಬ್ಯಾಂಕಿನ ಕೆಲಸ ಸಿಕ್ಕಿದ ದಿನ ತಂದೆಯವರು ಗಲ್ಲಾದ ಮೇಲೆ ಕುಳಿತು ಬಂದ ಗಿರಾಕಿಗಳಿಗೆಲ್ಲ ಅದನ್ನೇ ಹೇಳುತ್ತಿದ್ದರು. ನಾಲ್ಕು ವರ್ಷ ಕಳೆದು ಆ ಹೋಟೆಲನ್ನು ಬೇರೆಯವರು ಕೊಂಡರು.

ಪುಟ್ಟ ಸುಶಿ ಅಂಗಡಿಗಳು ಮುಚ್ಚುತ್ತಿರುವುದಕ್ಕೆ ಕಾರಣಗಳನ್ನು ಹೇಳುವವರು ಬಹಳ. 1958ರಲ್ಲಿ ಶಿರಾಇಶಿ ಯೋಶಿಯಾಕಿ ಎಂಬವರು, ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳನ್ನು ಹೊತ್ತೊಯ್ಯುವ ಪಟ್ಟಿಯನ್ನು ಕಂಡು, ತಟ್ಟೆಗಳು ತಾವೇ ತಿರುಗಿಬರುವ ಸುಶಿ ಅಂಗಡಿಯನ್ನು ಒಸಾಕಾದ ಪಕ್ಕದಲ್ಲಿ ತೆರೆದರು. 1970ರ ಒಸಾಕಾ ವಿಶ್ವಪ್ರದರ್ಶನದ ತರುವಾಯ ಅದು ದೇಶವೆಲ್ಲ ಹರಡಿತು. 1981ರಲ್ಲಿ ಅನ್ನದ ಉಂಡೆ ಕಟ್ಟುವ ಯಂತ್ರ ಬಂತು. ಅದರಿಂದ ಬಡವರ ಮಕ್ಕಳಿಗೂ ಸುಶಿ ಎಟಕಿತು. ಅದನ್ನು ಹಳಿಯುವುದು ನ್ಯಾಯವಲ್ಲ. ಮೀನಿನ ಬೆಲೆ ಏರಿದೆ, ಗಿರಾಕಿಗಳೂ ಮುದುಕರಾಗಿದ್ದಾರೆ. ಇವೆಲ್ಲ ನಿಜ. ಆದರೆ ಎಷ್ಟೋ ಅಂಗಡಿಗಳು ಮುಚ್ಚುವುದು ಸೋತದ್ದರಿಂದಲ್ಲ, ಗೆದ್ದದ್ದರಿಂದ. ಮಕ್ಕಳನ್ನು ಓದಿಸಬೇಕೆಂದೇ ತಂದೆ ಐವತ್ತು ವರ್ಷ ನಿಂತೇ ದುಡಿದ. ಓದಿದ ಮಕ್ಕಳು ಹಲಗೆಯ ಆಚೆ ನಿಲ್ಲಲು ಬರಲಿಲ್ಲ. ಮಾಟುಂಗದಲ್ಲಾಗಲಿ ಪುಣೆಯಲ್ಲಾಗಲಿ ನಮ್ಮ ಎಷ್ಟೋ ಹೋಟೆಲುಗಳ ಹಣೆಬರಹವೂ ಇದೇ. ಇದರಲ್ಲಿ ದೂರಬೇಕಾದವರು ಯಾರೂ ಇಲ್ಲ. ಆದರೂ ಬೀದಿಯೊಂದರ ದೀಪ ಆರಿದಾಗ ಆ ಬೀದಿಗೆ ಕತ್ತಲೆಯೇ.

ಅಂಗಡಿ ಬಿಟ್ಟು ಹೊರಡುವಾಗ ಜಪಾನೀಯರು ‘ಗೊಚಿಸೊಸಮಾ’ ಎನ್ನುತ್ತಾರೆ. ಉಣಿಸುವ ಸಲುವಾಗಿ ನೀವು ಅಲ್ಲಿ ಇಲ್ಲಿ ಓಡಾಡಿ ಬಳಲಿದಿರಿ ಎಂಬ ಭಾವ ಆ ಮಾತಿನ ಬೇರಿನಲ್ಲಿದೆ. ನನ್ನ ಮನೆಯಾಕೆ ಅದನ್ನು ಬಾಯಿಪಾಠ ಮಾಡಿ, ಬಾಗಿಲಲ್ಲಿ ನಿಂತು ಹೇಳಿದಳು. ಹಲಗೆಯ ಆಚೆಯಿಂದ ಆ ದಂಪತಿಗಳು ತಲೆಬಾಗಿದರು. ಅಲ್ಲಿ ಭಕ್ಷೀಸು ಕೊಡುವ ರೂಢಿಯಿಲ್ಲ. ಆ ಮಾತೇ ಸಾಕು. ನಮ್ಮಲ್ಲಿ ಅದಕ್ಕೆ ಸರಿಯಾದ ಮಾತು ಯಾವುದೆಂದು ನಾನು ಯೋಚಿಸುತ್ತಿದ್ದೇನೆ. ಓದುಗರೂ ಯೋಚಿಸಿರಿ. ಅಲ್ಲಿಯವರೆಗೆ, ನಿಮ್ಮ ಬೀದಿಯಲ್ಲಿ ನಮ್ಮವರ ಎಂಟು ಮೇಜಿನ ಹೋಟೆಲು ಇನ್ನೂ ಉಳಿದಿದ್ದರೆ, ಬರುವ ಭಾನುವಾರ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ. ಬಿಲ್ಲು ಕೊಟ್ಟು ಏಳುವಾಗ ಗಲ್ಲಾದ ಮೇಲಿರುವ ಹಿರಿಯರನ್ನು, ಅವರ ಮಗ ಈಗ ಎಲ್ಲಿದ್ದಾನೆಂದು ಕೇಳಿ ಬನ್ನಿ.